ಕನ್ನಡಿಯಲ್ಲಿ ಕಾಣದ ಪಾದರಸ

ಹಳೆಯ ಟಿವಿಗಳಿಗೆ ಮತ್ತೆ ಕಾಲ ಬಂದಿದೆ. ಅಟ್ಟದ ಮೇಲೆ ಹಲ್ಲಿ ಮೊಟ್ಟೆ ಇಡುವುದಕ್ಕಷ್ಟೇ ಉಳಿದಿದ್ದ, ಎಳೆದು ಮುಚ್ಚುವ ಮರದ ಬಾಗಿಲಿನ ಕಪ್ಪು ಬಿಳುಪು ಟಿವಿಗೆ ಈಗ ಲಕ್ಷದಿಂದ ಮಾತು ಶುರುವಾಗುತ್ತದೆ. ಗಾಜಿನ ಬುರುಡೆಯಂಥ ವಾಲ್ವುಗಳಿಂದ ನಡೆಯುವ ಹಳೆಯ ವಾಲ್ವ್ ರೇಡಿಯೊ ಇದ್ದರಂತೂ ನೀವು ಕೋಟ್ಯಧಿಪತಿಗಳು, ನಿಮಗೇ ಗೊತ್ತಿಲ್ಲ ಅಷ್ಟೆ. ಒಳಗೆ ರೆಡ್ ಮರ್ಕ್ಯುರಿ, ಅಂದರೆ ಕೆಂಪು ಪಾದರಸ, ಇದೆಯಂತೆ. ಹೀಗೆಂದು ಸಾರುವ ವಿಡಿಯೊ ನಿಮಗೂ ಬಂದಿರುತ್ತದೆ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಅದು ಶುಭೋದಯಕ್ಕೂ ಮಂಡಿನೋವಿನ ಕಷಾಯಕ್ಕೂ ನಡುವೆ ಬಂದು ಕೂತಿತು. ‘ಯಾರ ಮನೆಯಲ್ಲಾದರೂ ಇದ್ದರೆ ಗುಜರಿಗೆ ಹಾಕಬೇಡಿ’ ಎಂದು ಕೆಳಗೊಂದು ಎಚ್ಚರಿಕೆ ಬೇರೆ.

ಈ ಪದಾರ್ಥದ ಗುಣಗಳನ್ನು ಸಾವಧಾನವಾಗಿ ಕೇಳಬೇಕು. ಕನ್ನಡಿ ಹಿಡಿದರೆ ಅದರ ಪ್ರತಿಬಿಂಬ ಬೀಳುವುದಿಲ್ಲ. ಚಿನ್ನ ತೋರಿಸಿದರೆ ಅತ್ತ ಓಡುತ್ತದೆ. ಬೆಳ್ಳುಳ್ಳಿ ತೋರಿಸಿದರೆ ದೂರ ಸರಿಯುತ್ತದೆ. ಅಂದರೆ ಚಿನ್ನದಾಸೆ ಉಂಟು, ಮಡಿ ಉಂಟು, ಕನ್ನಡಿಗೆ ಮುಖ ಕೊಡುವ ಧೈರ್ಯ ಮಾತ್ರ ಇಲ್ಲ. ಇದೇ ಗುಣಗಳುಳ್ಳ ಹಲವರನ್ನು ನಾವು ವಿಧಾನಸೌಧಕ್ಕೇ ಕಳುಹಿಸಿದ್ದೇವೆ. ಅವರ ಬೆಲೆಯೂ ಕೋಟಿಗಳ ಲೆಕ್ಕದಲ್ಲೇ ಹೋಗುತ್ತದೆಯಾದ್ದರಿಂದ ವಿಡಿಯೊದವರನ್ನು ಪೂರ್ತಿ ಸುಳ್ಳುಗಾರರೆನ್ನಲೂ ಬರುವುದಿಲ್ಲ.

ಹಾಗೆ ನೋಡಿದರೆ ಈ ವದಂತಿ ಹುಟ್ಟಿದ್ದು ನಮ್ಮಲ್ಲಲ್ಲ. ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಬಾಂಬ್ ತಯಾರಿಸುವ ರಹಸ್ಯ ಸಾಮಗ್ರಿ ಎಂದು ಅದು ಊರೂರು ಸುತ್ತತೊಡಗಿತು. 2009ರಲ್ಲಿ ಸೌದಿ ಅರೇಬಿಯ ತಲುಪಿ ಸಿಂಗರ್ ಹೊಲಿಗೆ ಯಂತ್ರದ ಸೂಜಿಯೊಳಗೆ ಹೊಕ್ಕಿತು. ಸೂಜಿಯ ಬಳಿ ಮೊಬೈಲ್ ಹಿಡಿದಾಗ ಕರೆ ಕಡಿದುಹೋದರೆ ಪಾದರಸ ಇದೆ ಎಂದು ಅರ್ಥವಂತೆ. ಆ ಲೆಕ್ಕದಲ್ಲಿ ನಮ್ಮ ಬಡಾವಣೆ ಇಡೀ ಪಾದರಸದ ಗಣಿಯ ಮೇಲೆ ಕೂತಿದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇಂಥದ್ದೊಂದು ವಸ್ತುವೇ ಇಲ್ಲ ಎಂದು 2004ರಲ್ಲೇ ಹೇಳಿತ್ತು. ಪಾದರಸಕ್ಕೆ ಗಂಧಕ ಕೂಡಿ ಕೆಂಪಾದದ್ದೇ ಬೇಕೆಂದರೆ ಅದು ಇಂಗಳೀಕ. ಗ್ರಂಥಿಗೆ ಅಂಗಡಿಯಲ್ಲಿ ವಿಚಾರಿಸಿದರಾಯಿತು, ಅಜ್ಜನ ರೇಡಿಯೊ ಬಿಚ್ಚಬೇಕಾಗಿಲ್ಲ.

ಆದರೂ ಬಿಚ್ಚುತ್ತಾರೆ. ಬಿಚ್ಚಿದಾಗ ಏನೋ ಒಂದು ಮಿನುಗುತ್ತದೆ ಎಂಬುದೂ ನಿಜ. ವಾಲ್ವಿನ ಗಾಜಿನ ಬುರುಡೆಯ ಒಳಮೈಯಲ್ಲಿ, ಹೆಚ್ಚಾಗಿ ನೆತ್ತಿಯ ಭಾಗದಲ್ಲಿ, ಬೆಳ್ಳಿ ಬಳಿದಂಥ ಒಂದು ಮಚ್ಚೆ ಇರುತ್ತದೆ. ಅದು ಬೇರಿಯಂ. ಒಳಗೆ ಉಳಿದ ಚೂರುಪಾರು ಅನಿಲವನ್ನು ಹೀರಿಕೊಂಡು ನಿರ್ವಾತ ಕಾಯುವುದು ಅದರ ಉದ್ಯೋಗ. ಗಾಜು ಸೀಳಿ ಗಾಳಿ ನುಗ್ಗಿತೋ, ಹೊಳಪು ಸತ್ತು ಬಿಳಿಚಿಕೊಳ್ಳುತ್ತದೆ. ಸುತ್ತಿಗೆ ಹಿಡಿದವನಿಗೆ ಇದಕ್ಕಿಂತ ಸಾಕ್ಷಿ ಬೇಕೇ? ಪಾದರಸ ಇತ್ತು, ಕಣ್ಣೆದುರೇ ಹಾರಿಹೋಯಿತು, ಮುಂದಿನ ರೇಡಿಯೊ ತನ್ನಿ! ಜಾಲಹಳ್ಳಿಯ ಬಿಇಎಲ್‌ನಲ್ಲಿ ತಯಾರಾಗಿ ದಶಕಗಟ್ಟಲೆ ವಾರ್ತೆ, ಚಿತ್ರಗೀತೆ, ಕ್ರಿಕೆಟ್ ಕೇಳಿಸಿದ ವಾಲ್ವುಗಳೂ ಹೀಗೆ ಒಂದೊಂದಾಗಿ ಹುತಾತ್ಮವಾಗುತ್ತವೆ. ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದ ಆ ಅಜ್ಜನಿಗೆ ತಾನು ಅಣ್ವಸ್ತ್ರಕ್ಕೆ ಲೈಸೆನ್ಸ್ ಪಡೆದಿದ್ದೇನೆ ಎಂಬುದು ತಿಳಿದಿರಲಿಲ್ಲ, ಪಾಪ.

ಹಳೆಯ ಸಾಮಾನಿಗೆ ಹುಚ್ಚು ಬೆಲೆ ಬರುವುದೇ ಸುಳ್ಳು ಎನ್ನುತ್ತಿಲ್ಲ. ಬರುತ್ತದೆ, ಅಮೆರಿಕದಲ್ಲಿ. 1976ರಲ್ಲಿ 666.66 ಡಾಲರಿಗೆ ಮಾರಾಟವಾಗುತ್ತಿದ್ದ ಆ್ಯಪಲ್-1 ಕಂಪ್ಯೂಟರ್ ಒಂದನ್ನು 2014ರಲ್ಲಿ ಹೆನ್ರಿ ಫೋರ್ಡ್ ಹೆಸರಿನ ವಸ್ತುಸಂಗ್ರಹಾಲಯ ಒಂಬತ್ತು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಅದು ಕೆಲಸವನ್ನೂ ಮಾಡುತ್ತಿತ್ತು, ಹೋಗಲಿ ಬಿಡಿ. 2023ರಲ್ಲಿ ಹರಾಜಾದ ಐಫೋನಿನ ಕಥೆ ಕೇಳಿ. 2007ರ ಮೊದಲ ಮಾದರಿ, 4 ಜಿಬಿಯದು. ಜನ ಅದನ್ನು ಬೇಡವೆಂದು 8 ಜಿಬಿಯದಕ್ಕೆ ಮುಗಿಬಿದ್ದರು. ಕಂಪನಿ ಎರಡೇ ತಿಂಗಳಿಗೆ ಅದರ ತಯಾರಿಕೆ ನಿಲ್ಲಿಸಿತು. ಯಾರಿಗೂ ಬೇಡವಾಗಿದ್ದರಿಂದ ಅಪರೂಪ, ಅಪರೂಪವಾದ್ದರಿಂದ ಎಲ್ಲರಿಗೂ ಬೇಕು. ಪೆಟ್ಟಿಗೆಯ ಪ್ಲಾಸ್ಟಿಕ್ ಸಹ ಹರಿಯದ ಅದಕ್ಕೆ 1,90,000 ಡಾಲರು ಮೀರಿತು, ಅಂದರೆ ಒಂದೂವರೆ ಕೋಟಿ ರೂಪಾಯಿಗೂ ಹೆಚ್ಚು. ಕೊಂಡವರು ಅದನ್ನು ತೆರೆಯುವಂತಿಲ್ಲ, ತೆರೆದರೆ ಬೆಲೆ ಹೋಯಿತು. ಇನ್ನು ನ್ಯೂ ಮೆಕ್ಸಿಕೊದ ಆಲಮೊಗೊರ್ಡೊ ಊರಿನವರು ನಿಜಕ್ಕೂ ನಮಸ್ಕಾರಕ್ಕೆ ಯೋಗ್ಯರು. ಖರ್ಚಾಗದ ವಿಡಿಯೊ ಗೇಮುಗಳನ್ನು ಅಟಾರಿ ಕಂಪನಿ 1983ರಲ್ಲಿ ಅಲ್ಲಿನ ಕಸದ ಗುಂಡಿಯಲ್ಲಿ ಹೂತಿತ್ತು. 2014ರಲ್ಲಿ ಅದನ್ನು ಅಗೆದು ತೆಗೆದರು, ಊರಿನ ಆಡಳಿತ ಅದನ್ನು ಮಾರಿ ಲಕ್ಷ ಡಾಲರಿಗೂ ಮೇಲೆ ಗಳಿಸಿತು. ಕಸಕ್ಕೆ ನಮ್ಮಿಂದಲೇ ಶುಲ್ಕ ಕೇಳುವ ಪಾಲಿಕೆಗಳು ಅಲ್ಲಿಗೊಂದು ಅಧ್ಯಯನ ಪ್ರವಾಸ ಹಾಕಿಕೊಳ್ಳಬಹುದು. ಕುಟುಂಬ ಸಮೇತ.

ಪ್ಲಾಸ್ಟಿಕ್ ಹರಿಯದೆ ಕಾಪಾಡುವ ವಿದ್ಯೆಯಲ್ಲಾದರೂ ನಾವು ಯಾರಿಗೂ ಕಡಿಮೆಯಿಲ್ಲ. ರಿಮೋಟಿಗೆ ಕವರು, ಫ್ರಿಜ್ಜಿನ ಹಿಡಿಗೆ ಕವರು, ಕಾರು ಕೊಂಡು ಮೂರು ವರ್ಷವಾದರೂ ಸೀಟಿನ ಕವರು ತೆಗೆಯದೆ ಬೇಸಿಗೆಯಲ್ಲಿ ಬೆನ್ನು ಅಂಟಿಸಿಕೊಂಡು ಓಡಾಡುವ ಜನ ನಾವು. ನಮ್ಮ ದುರದೃಷ್ಟ, ಕವರು ಮಾತ್ರ ಹೊಸದಾಗಿ ಉಳಿಯುತ್ತದೆ, ಒಳಗಿನ ಸಾಮಾನು ಕೆಡುತ್ತದೆ.

ತಮಾಷೆ ಮಾಡಿ ಮಾಡಿ ನನಗೇ ಬೇಸರ ಬಂದಿದೆ. ಎರಡು ತಲೆ ಹಾವು ಆಯಿತು, ಅಕ್ಕಿ ಸೆಳೆಯುವ ತಾಮ್ರದ ಚೊಂಬು ಆಯಿತು, ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿ ನೋಟು ಆಯಿತು. ಹಳೆಯ ನೋಟು ನಾಣ್ಯದ ವ್ಯಾಪಾರಕ್ಕೂ ತನಗೂ ಸಂಬಂಧವಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಪ್ರತಿ ಸಲವೂ ಅದೇ ನಾಟಕ. ಕೋಟಿ ಕೊಡುವ ಕಂಪನಿ ಇರುತ್ತದೆ, ವಿಕಿರಣ ತಡೆಯುವ ಅಂಗಿ ತೊಟ್ಟ ವಿಜ್ಞಾನಿ ಇರುತ್ತಾನೆ, ಪರೀಕ್ಷೆಯ ಖರ್ಚಿಗೆಂದು ಒಂದಿಷ್ಟು ಮುಂಗಡ ಇರುತ್ತದೆ. ಕೋಟಿ ಕೊಡಲು ಬಂದವನಿಗೆ ಪರೀಕ್ಷೆಗೆ ಇಪ್ಪತ್ತು ಸಾವಿರ ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ತು ಸಾವಿರ ಹೋದ ಮೇಲೆ ನಲವತ್ತು, ಅದಕ್ಕೆ ಮಗಳ ಸರ. ಠಾಣೆಗೆ ಹೋದರೆ ಮೊದಲು ನಗುತ್ತಾರೆ, ಆಮೇಲೆ ದೂರು ಬರೆದುಕೊಳ್ಳುತ್ತಾರೆ. ನಾಚಿಕೆಯಿಂದ ಬಹಳ ಮಂದಿ ಹೋಗುವುದೇ ಇಲ್ಲ. ವಿಡಿಯೊ ಹಾಕಿದವನು ಮಾತ್ರ ಪ್ರತಿ ನೋಟಕ್ಕೂ ಕಾಸು ಎಣಿಸಿಕೊಂಡು ಸುಖವಾಗಿದ್ದಾನೆ. ಇದರಲ್ಲಿ ನಗುವಂಥದ್ದು ಏನಿದೆ?

ಒಡೆದು ನೋಡಿ ಸುಸ್ತಾದ ಮೇಲೆ ಉಳಿದದ್ದು ಗುಜರಿಗೆ ಹೋಗುತ್ತದೆ. ನಿಜವಾದ ವಿಷ ಅಲ್ಲಿದೆ. ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ, ನಿರ್ವಾತದ ಟ್ಯೂಬಿಗೆ ಪೆಟ್ಟು ಬಿದ್ದರೆ ಚೂರು ಮುಖಕ್ಕೇ ಸಿಡಿಯುತ್ತದೆ. ತಾಮ್ರಕ್ಕಾಗಿ ತಂತಿ ಸುಡುವ ಹುಡುಗನ ಕೈಗೆ ಗವಸಿಲ್ಲ, ಮೂಗಿಗೆ ಬಟ್ಟೆಯಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಮರುಬಳಕೆಯ ಪ್ರಮಾಣಪತ್ರವನ್ನು ಸಾಮಾನು ತಯಾರಿಸುವ ಕಂಪನಿಗಳು ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲೇ ಕೊಂಡುಕೊಳ್ಳಬಹುದು, ಅಚ್ಚುಕಟ್ಟಾದ ವ್ಯವಸ್ಥೆ. ಹೊಗೆ ಪೋರ್ಟಲ್‌ಗೆ ಹೋಗುವುದಿಲ್ಲ.

ನಿಜವಾಗಿ ಕಾಪಾಡಬೇಕಾದ್ದನ್ನು ಕೇಳುವವರು ಯಾರು? ಇಪ್ಪತ್ತು ವರ್ಷಕ್ಕೂ ಹಿಂದೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎಂಜಿನಿಯರುಗಳು ಸೇರಿ ಅಂಗೈಯಗಲದ ಸಿಂಪ್ಯೂಟರ್ ಮಾಡಿದ್ದರು. ಬಡವರಿಗೂ ಕಂಪ್ಯೂಟರ್ ಎಂಬ ಆಸೆಯಿಂದ. ಅದನ್ನು ತಂದುಕೊಟ್ಟರೆ ಗುಜರಿಯವನು ತಕ್ಕಡಿಗೆ ಹಾಕುತ್ತಾನೆ, ಕಿಲೋ ಲೆಕ್ಕ. ಒಂದು ಸಿಂಪ್ಯೂಟರ್ ಎಷ್ಟು ತೂಗೀತು, ಚಹಾದ ದುಡ್ಡೂ ಹುಟ್ಟುವುದಿಲ್ಲ.

ವಾಲ್ವ್ ರೇಡಿಯೊ ರಿಪೇರಿ ಬಲ್ಲ ಹಿರಿಯರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಯಾರದೋ ತಂದೆಯ ಕಾಲದ ಸೆಟ್ಟನ್ನು ಮತ್ತೆ ಮಾತಾಡಿಸಲು ಒಂದೇ ಒಂದು ವಾಲ್ವ್ ಬೇಕು. ಕೆಟ್ಟ ರೇಡಿಯೊ ಇರುವ ಮನೆ ಹುಡುಕಿ ಹೋಗಿ ಐನೂರು ಕೊಡುತ್ತೇನೆ ಎನ್ನುತ್ತಾರೆ. ಮನೆಯ ಯಜಮಾನರು ಬಾಗಿಲು ಅರ್ಧ ಮುಚ್ಚಿ, ಕನಿಕರದಿಂದ ಹೇಳುತ್ತಾರೆ: “ನಿಮಗೆ ಇದರ ರೇಟು ಗೊತ್ತಿಲ್ಲ ಸ್ವಾಮಿ. ಮೊಬೈಲ್ ಇದ್ದರೆ ಕೊಡಿ, ವಿಡಿಯೊ ಕಳಿಸುತ್ತೇನೆ.”