ಬೆಟ್ಟದಷ್ಟು ಸೊಪ್ಪು, ಬಟ್ಟಲಷ್ಟು ಊಟ

ಕಾಲರ್ಡ್ ಸೊಪ್ಪು ಎಲೆಕೋಸಿನ ದಾಯಾದಿ. ಆದರೆ ಕೋಸಿನ ಹಾಗೆ ಮುದುರಿ ಕೂರುವ ಶಿಸ್ತು ಇದಕ್ಕಿಲ್ಲ. 900 ಗ್ರಾಂ ತಂದರೆ ಅಡುಗೆಮನೆ ಕಟ್ಟೆ ಪೂರ್ತಿ ಇದರದ್ದೇ. 'ಇಷ್ಟೊಂದು ಯಾರು ತಿಂತಾರೆ' ಅಂತ ಅರ್ಧ ಎತ್ತಿಟ್ಟರೋ, ಊಟದ ಹೊತ್ತಿಗೆ ಜಗಳ ಖಾತ್ರಿ. ಬೆಂದ ಮೇಲೆ ಉಳಿಯುವುದು ಹೆಚ್ಚೆಂದರೆ ಕಾಲುಭಾಗ.

ಅಮೆರಿಕದ ದಕ್ಷಿಣದಲ್ಲಿ ಇದಕ್ಕಿರುವ ಮರ್ಯಾದೆ ಸಣ್ಣದಲ್ಲ. ಸೌತ್ ಕ್ಯಾರೊಲೈನಾ 2011ರಲ್ಲಿ ಇದನ್ನು ರಾಜ್ಯದ ಅಧಿಕೃತ ತರಕಾರಿ ಮಾಡಿತು. ಜನವರಿ 1ರಂದು ಅಲಸಂದೆ ಕಾಳಿನ ಜೊತೆ ತಿಂದರೆ ವರ್ಷವಿಡೀ ಕೈಯಲ್ಲಿ ಕಾಸಾಡುತ್ತದಂತೆ: ಸೊಪ್ಪು ನೋಟು, ಕಾಳು ಚಿಲ್ಲರೆ. ಹಾಗಾಗಿ ಡಿಸೆಂಬರ್ 31ರ ಸಂಜೆ ಅಂಗಡಿಗೆ ಹೊರಡುವವರಿಗೆ ಹಳದಿ ತಿರುಗಿದ ನೋಟೇ ಗತಿ.

ಮೊದಲ ಅವಘಡ ಮರಳು. ನಲ್ಲಿಯ ಕೆಳಗೆ ಹಿಡಿದು ಕೊಡವಿದರೆ ಹೋಗುವ ಜಾತಿಯದಲ್ಲ. ಸಿಂಕಿನ ಇಲ್ಲವೇ ದೊಡ್ಡ ಪಾತ್ರೆಯ ತುಂಬ ತಣ್ಣೀರು ಬಿಟ್ಟು ಎಲೆ ಮುಳುಗಿಸಿ, ಚೆನ್ನಾಗಿ ಅಲ್ಲಾಡಿಸಿ, ಐದು ನಿಮಿಷ ಬಿಟ್ಟು ಎಲೆಯನ್ನು ಮೇಲಕ್ಕೆತ್ತಿಕೊಳ್ಳಬೇಕು. ಜಾಣರು ಪಾತ್ರೆಯನ್ನೇ ಜರಡಿಗೆ ಬಗ್ಗಿಸುತ್ತಾರೆ. ತಳದಲ್ಲಿ ಕೂತಿದ್ದ ಮರಳು ಪುನಃ ಎಲೆಯ ತಲೆಮೇಲೆ. ಹೀಗೆ ಮೂರು ನೀರು. ಕೊನೆಯ ನೀರಿನ ತಳದಲ್ಲಿ ಬೆರಳಾಡಿಸಿದರೆ ಗರಗರ ಅನ್ನಬಾರದು. ಗರಗರ ಅಂದಿತೋ, ನಾಲ್ಕನೆಯ ನೀರು.

ಎಲೆಯನ್ನು ಮಡಚಿ ನಡುದಂಟನ್ನು ಕಿತ್ತುಹಾಕಿ, ಏಳೆಂಟು ಎಲೆ ಪೇರಿಸಿ ಸುರುಳಿ ಸುತ್ತಿ, ಒಂದಿಂಚು ಅಗಲಕ್ಕೆ ಹೆಚ್ಚಿಕೊಳ್ಳಿ.

ಇನ್ನು ಪಾತ್ರೆ. ಹೊಗೆ ಹಾಕಿದ ಹಂದಿಯ ಕಾಲ್ಗೆಣ್ಣು, ಅಂದರೆ ಹ್ಯಾಮ್ ಹಾಕ್, ಒಂದು. ಹಂದಿ ತಿನ್ನದವರು ಹೊಗೆ ಹಾಕಿದ ಟರ್ಕಿ ಕೋಳಿಯ ಕಾಲು ಹಾಕುತ್ತಾರೆ. ಎರಡು ಲೀಟರ್ ನೀರು, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಒಣಮೆಣಸಿನ ತರಿ. ಮೊದಲು ಇಷ್ಟೇ, ಒಂದು ಗಂಟೆ ಸಣ್ಣ ಉರಿಯಲ್ಲಿ. ಸೊಪ್ಪನ್ನೂ ಒಟ್ಟಿಗೇ ಸುರಿದರೆ ಸೊಪ್ಪು ಕರಗಿರುತ್ತದೆ, ಮಾಂಸ ಮಾತ್ರ ಎಲುಬನ್ನು ಬಿಟ್ಟಿರುವುದಿಲ್ಲ. ಆಮೇಲೆ ಸೊಪ್ಪನ್ನು ಹಿಡಿ ಹಿಡಿಯಾಗಿ ಹಾಕಿ. ಒಂದು ಹಿಡಿ ಬಾಡಿದ ಮೇಲೆ ಇನ್ನೊಂದು. ಮುಚ್ಚಳ ಓರೆ ಮಾಡಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಬಲಿತ ಎಲೆಯಾದರೆ ಇನ್ನೂ ಅರ್ಧ ಗಂಟೆ.

ಉಪ್ಪು? ಕೈ ಕಟ್ಟಿಕೊಂಡು ನಿಲ್ಲಿ. ಹ್ಯಾಮ್ ಹಾಕ್ ಉಪ್ಪಿನಲ್ಲಿ ಮಿಂದೇ ಬಂದಿರುತ್ತದೆ, ಅದು ನೀರಿಗಿಳಿಯುವುದು ನಿಧಾನ, ನೀರೋ ಇಂಗುತ್ತಾ ಹೋಗುತ್ತದೆ. ಶುರುವಿನಲ್ಲಿ ನಾಲಿಗೆಗೆ ಸರಿಯಾಗಿದ್ದದ್ದು ಕೊನೆಗೆ ಸಮುದ್ರ. ಹಾಗಾದರೆ ಆಲೂಗಡ್ಡೆ ಹಾಕಿ ಅನ್ನುವ ಸಲಹೆ ಎಲ್ಲಾ ದೇಶಗಳಲ್ಲೂ ಇದೆ. ಆಲೂಗಡ್ಡೆ ಉಪ್ಪುನೀರು ಕುಡಿಯುತ್ತದೆ, ಉಪ್ಪನ್ನೇ ಹೆಕ್ಕಿ ತಿನ್ನುವುದಿಲ್ಲ. ಸ್ವಲ್ಪ ರಸ ತೆಗೆದು ಬಿಸಿನೀರು ಸೇರಿಸುವುದೇ ಮದ್ದು.

ಆ್ಯಪಲ್ ಸೈಡರ್ ವಿನೆಗರ್ ಒಂದೆರಡು ದೊಡ್ಡ ಚಮಚ, ಅದೂ ಇಳಿಸುವ ಮುಂಚೆ. ಹುಳಿ ಮೊದಲೇ ಬಿದ್ದರೆ ಎಲೆ ಹಟ ಹಿಡಿದು ಮೆತ್ತಗಾಗುವುದಿಲ್ಲ. ಬಣ್ಣ ಕಂದು ಹಸಿರಿಗೆ ತಿರುಗಿತೆಂದು ಗಾಬರಿಯಾಗಬೇಡಿ, ಅದೇ ಸರಿಯಾದ ಬಣ್ಣ. ಹಸಿರು ಉಳಿಸುತ್ತೇನೆಂದು ಅಡುಗೆ ಸೋಡಾ ಹಾಕಿದವರಿಗೆ ಹಸಿರೇನೋ ಸಿಗುತ್ತದೆ, ಜೊತೆಗೆ ಸೋಪಿನ ರುಚಿಯ ಗೊಜ್ಜೂ.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಕೈ ಕುಕ್ಕರಿನತ್ತ ಹೋಗುವುದು ಸಹಜ. ಸೊಪ್ಪು ಬೇಯುತ್ತದೆ, ನಿಜ. ಆದರೆ ಮುಚ್ಚಿದ ಕುಕ್ಕರಿನಲ್ಲಿ ನೀರು ಇಂಗುವುದಿಲ್ಲ, ರಸ ತೆಳ್ಳಗೇ ಉಳಿಯುತ್ತದೆ. ಮುಚ್ಚಳ ತೆಗೆದು ಕುದಿಸಿ ಇಂಗಿಸಲೇಬೇಕು. ಕಂಠಮಟ್ಟ ತುಂಬಿದ್ದರೆ ಎಲೆ ವಿಷಲ್ಲಿನ ದಾರಿಗೇ ಅಡ್ಡ ಬಂದು ಕೂರುತ್ತದೆ. ಬಾಡಿಸಿದ ಮೇಲೂ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಸಸ್ಯಾಹಾರಿಗಳಿಗೆ ಹೊಗೆಯಾಡಿಸಿದ ಮೆಣಸಿನ ಪುಡಿ, ಅಂದರೆ ಪ್ಯಾಪ್ರಿಕಾ, ಒಂದು ಚಮಚ, ಎಣ್ಣೆ ಧಾರಾಳ. ಬಾಟಲಿಯಲ್ಲಿ ಬರುವ ಲಿಕ್ವಿಡ್ ಸ್ಮೋಕ್ ಕಾಲು ಚಮಚ ದಾಟಿದರೆ ಸೊಪ್ಪಲ್ಲ, ಬೂದಿ ತಿಂದ ಹಾಗೆ.

ರಸವನ್ನು ಸಿಂಕಿಗೆ ಬಸಿಯುವುದು ಮಾತ್ರ ಕ್ಷಮಿಸಲಾಗದ್ದು. ದಕ್ಷಿಣದವರು ಪಾಟ್‌ಲಿಕರ್ ಅನ್ನುವುದು ಈ ರಸವನ್ನೇ. ಬಸ್ಸಾರು ಮಾಡುವವರಿಗೆ ಕಟ್ಟಿನ ಬೆಲೆ ಹೇಳಿಕೊಡಬೇಕಿಲ್ಲ. ಇದಕ್ಕೆ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಅದ್ದಬೇಕೋ ಪುಡಿ ಮಾಡಿ ಹಾಕಬೇಕೋ ಎಂದು 1931ರಲ್ಲಿ ಲೂಯಿಸಿಯಾನ ರಾಜ್ಯದ ಗವರ್ನರ್ ಹ್ಯೂಯಿ ಲಾಂಗ್ ಮತ್ತು ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್ ಪತ್ರಿಕೆ ಬಹಿರಂಗವಾಗಿ ವಾದಕ್ಕಿಳಿದಿದ್ದರು. ಲಾಂಗ್ ಅದ್ದುವ ಪಕ್ಷ, ಪತ್ರಿಕೆ ಪುಡಿ ಪಕ್ಷ. ಬಿಸಿ ಬ್ರೆಡ್ ಅದ್ದಿದರೆ ಅರ್ಧ ಬಟ್ಟಲಲ್ಲೇ ಕಳಚಿ ಬೀಳುತ್ತದೆ, ನಿನ್ನೆಯದಾದರೆ ಗಟ್ಟಿ ನಿಲ್ಲುತ್ತದೆ. ಹಾಗಾಗಿ ಇವತ್ತು ಪುಡಿ ಮಾಡಿ, ನಾಳೆ ಅದ್ದಿ. ಸೊಪ್ಪೂ ನಾಳೆಗೇ ಹೆಚ್ಚು ರುಚಿ.