ಜೊತೆಗೆ ಬಾಳಿದವರ ಗುಟ್ಟು ಆತ್ಮಕಥೆಗೆ ಸೇರಬಹುದಾ?

ಪರ

ಮದುವೆಯಾಗದೆ ಕೂಡಿ ಬಾಳಿದವರು, ಹುಟ್ಟಿದ ಧರ್ಮ ಬಿಟ್ಟವರು, ಸನ್ಯಾಸ ತೊಟ್ಟು ಮತ್ತೆ ಸಂಸಾರಕ್ಕೆ ಬಂದವರು, ಇಂಥವರು ಬರೆಯಲು ಕೂತರೆ ಸಾಕು, ಎಲ್ಲರೂ ಬುದ್ಧಿ ಹೇಳುತ್ತಾರೆ. ನಿನ್ನ ಕಥೆ ಬರಿ, ಬೇರೆಯವರನ್ನು ಎಳೆದು ತರಬೇಡ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಪ್ರೀತಿ ಒಬ್ಬರೇ ಮಾಡುವ ಕೆಲಸ ಅಲ್ವಲ್ಲ. ಎದುರಿನವರನ್ನು ತೆಗೆದುಬಿಟ್ಟರೆ ಉಳಿಯುವುದು ಒಬ್ಬಂಟಿ ಗೊಣಗಾಟ.

ಕ್ರೈಸ್ತ ಸಂತ ಅಗಸ್ಟೀನ್ ಸುಮಾರು ಕ್ರಿ.ಶ. 400ರ ಹೊತ್ತಿಗೆ 'ಕನ್ಫೆಷನ್ಸ್' ಬರೆದ. ದೇವರ ಎದುರು ತನ್ನದೆಲ್ಲವನ್ನೂ ಬಿಚ್ಚಿಟ್ಟ ಪುಸ್ತಕ. ಮದುವೆಯಿಲ್ಲದೆ ವರ್ಷಗಟ್ಟಲೆ ಜೊತೆಗಿದ್ದು ಅವನಿಗೊಬ್ಬ ಮಗನನ್ನು ಹೆತ್ತುಕೊಟ್ಟ ಹೆಂಗಸು ಅದರಲ್ಲಿ ಬರುತ್ತಾಳೆ. ಬೇರೆ ಹುಡುಗಿಯ ಜೊತೆ ಮದುವೆ ಗೊತ್ತಾದಾಗ ಇವಳನ್ನು ಆಫ್ರಿಕಾಕ್ಕೆ ವಾಪಸ್ ಕಳಿಸುತ್ತಾರೆ. ಮಗ ಅಪ್ಪನ ಹತ್ತಿರವೇ ಉಳಿಯುತ್ತಾನೆ. ತನ್ನ ಎದೆ ಹರಿದು ರಕ್ತ ಸುರಿಯಿತು ಅಂತ ಬರೆದುಕೊಳ್ಳುವ ಅಗಸ್ಟೀನ್, ಮಗನ ಹೆಸರು ಅದಿಯೋದಾತಸ್ ಅಂತ ಹೇಳುತ್ತಾನೆ, ತಾಯಿ ಮೋನಿಕಾಳ ಹೆಸರೂ ಬರುತ್ತದೆ. ಆ ಹೆಂಗಸಿನ ಹೆಸರು ಮಾತ್ರ ಎಲ್ಲೂ ಇಲ್ಲ. ಇದನ್ನು ಮರ್ಯಾದೆ ಅನ್ನಬೇಕಾ? ನನಗಂತೂ ಅಳಿಸಿಹಾಕಿದ ಹಾಗೆ ಕಾಣುತ್ತದೆ.

ಕಾದಂಬರಿ ಮಾಡಿ ಬರಿ ಅನ್ನುವವರೂ ಇದ್ದಾರೆ. ಹೆಸರು ಬದಲಿಸಿದರೆ ಗೊತ್ತಿರುವವರಿಗೆ ಗೊತ್ತಾಗದೆ ಇರುತ್ತದಾ? ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಗಂಡಸರಿಬ್ಬರ ಪ್ರೀತಿಯ 'ಮಾರಿಸ್' ಬರೆದದ್ದು 1913-14ರಲ್ಲಿ. ಅದು ಅಚ್ಚಾದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಬರೆದದ್ದು ಕಾದಂಬರಿಯೇ, ಆದರೂ ಅಷ್ಟು ಭಯ. ಅದು ಯಾರ ಕೈಗೆ ಬೇಗ ಸಿಗಬೇಕಿತ್ತೋ ಆ ಹುಡುಗರು ಅಷ್ಟರಲ್ಲಿ ಮುದುಕರಾಗಿದ್ದರು. ಯಾರಿಗೂ ನೋವಾಗದಿರಲಿ ಅಂತ ಕಾಯುತ್ತಾ ಕೂತರೆ ಆಗುವುದು ಇದೇ. ಲೋಕ ಒಪ್ಪುವ ಸಂಸಾರಗಳ ಕಥೆ ಮಾತ್ರ ಹೊತ್ತಿಗೆ ಸರಿಯಾಗಿ ಹೊರಬರುತ್ತದೆ.

ಒಂದು ಷರತ್ತು ಹಾಕಬಹುದು: ಬರೆಯುವವರು ತಮ್ಮನ್ನೇ ಎಲ್ಲರಿಗಿಂತ ಜಾಸ್ತಿ ಬಯಲು ಮಾಡಿಕೊಳ್ಳಬೇಕು.

ವಿರೋಧ

ಅದೇ ಅಗಸ್ಟೀನನ ವಿಷಯ ತಗೊಳ್ಳಿ. ಇನ್ನು ಯಾವ ಗಂಡಸನ್ನೂ ಸೇರುವುದಿಲ್ಲ ಅಂತ ಹರಕೆ ಹೊತ್ತು ಆ ಹೆಂಗಸು ಹೋದಳು ಅಂತ ಅವನೇ ಬರೆಯುತ್ತಾನೆ. ತನ್ನ ಪಾಡಿಗೆ ತಾನಿರಬೇಕು ಅಂದುಕೊಂಡವಳ ಹೆಸರು ಊರೆಲ್ಲ ಓದುವ ಪುಸ್ತಕದಲ್ಲಿ ಇಲ್ಲದ್ದೇ ಒಳ್ಳೆಯದಾಯಿತೇನೋ. ಅವಳನ್ನಂತೂ ಯಾರೂ ಕೇಳಲಿಲ್ಲ.

ಈಗಿನ ಕಾಲದಲ್ಲಿ ಯೋಚಿಸಿ. ಇಬ್ಬರು ಪ್ರೀತಿಸಿ ಕೆಲವು ವರ್ಷ ಜೊತೆಗಿದ್ದು ಬೇರೆಯಾದರು. ಒಬ್ಬರು ಲೇಖಕರಾದರು, ಇನ್ನೊಬ್ಬರು ಬೇರೆ ಮನೆ ಕಟ್ಟಿಕೊಂಡರು. ಪುಸ್ತಕ ಬಂದ ವಾರದಲ್ಲೇ ಯಾರೋ ಒಂದು ಪುಟದ ಫೋಟೋ ತೆಗೆದು, ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಅದು ಮಗಳ ಕ್ಲಾಸಿನ ಗ್ರೂಪಿಗೂ ತಲುಪುತ್ತದೆ. ಲೇಖಕರಿಗೆ 'ದಿಟ್ಟ ಬರವಣಿಗೆ' ಅನ್ನುವ ಹೊಗಳಿಕೆ. ಆ ಮಗುವಿಗೆ? ಲೇಖಕರು ತಮ್ಮನ್ನೂ ಬಯಲು ಮಾಡಿಕೊಂಡರು ಅನ್ನಬಹುದು. ಮಾಡಿಕೊಳ್ಳಲಿ, ಅದು ಅವರ ಇಷ್ಟ. ಇನ್ನೊಬ್ಬರು ಹಾಗೆ ಇಷ್ಟಪಟ್ಟಿರಲಿಲ್ಲವಲ್ಲ.

ಅಮೆರಿಕದ ಕವಿ ರಾಬರ್ಟ್ ಲೋವೆಲ್ ತಮ್ಮ ಹೆಂಡತಿ, ಲೇಖಕಿ ಎಲಿಜಬೆತ್ ಹಾರ್ಡ್‌ವಿಕ್ ಅವರನ್ನು ಬಿಟ್ಟು ಬೇರೆಯವರ ಜೊತೆ ಹೋದರು. ಹಾರ್ಡ್‌ವಿಕ್ ನೊಂದು ಬರೆದ ಪತ್ರಗಳನ್ನು ಲೋವೆಲ್ ತಮ್ಮ ಕವನಗಳಿಗೆ ಸೇರಿಸಿದರು, ಅಲ್ಲಲ್ಲಿ ತಿದ್ದಿಯೂ ಬಿಟ್ಟರು. ಒಪ್ಪಿಗೆ ಕೇಳಲಿಲ್ಲ. ಹಸ್ತಪ್ರತಿ ಓದಿದ ಲೋವೆಲ್ ಅವರ ಗೆಳತಿ, ಕವಿ ಎಲಿಜಬೆತ್ ಬಿಷಪ್, ಕಲೆಗೆ ಅಷ್ಟು ಬೆಲೆಯಿಲ್ಲ ಅಂತ 1972ರಲ್ಲೇ ಕಾಗದ ಬರೆದರು. ಪತ್ರಗಳನ್ನು ಬದಲಿಸಿದ್ದು ಅವರನ್ನು ಇನ್ನೂ ಕೆರಳಿಸಿತ್ತು. ನಿಜವೂ ಅಲ್ಲ, ಕಟ್ಟುಕಥೆಯೂ ಅಲ್ಲ ಅನ್ನುವ ಹಾಗೆ ಕಲಸಿಟ್ಟರೆ ಹಾರ್ಡ್‌ವಿಕ್ ಯಾವುದನ್ನು ಒಪ್ಪಬೇಕು, ಯಾವುದನ್ನು ಅಲ್ಲಗಳೆಯಬೇಕು? 1973ರಲ್ಲಿ ಆ ಕವನಗಳ ಪುಸ್ತಕ 'ದಿ ಡಾಲ್ಫಿನ್' ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿಯೂ ಸಿಕ್ಕಿತು. ಪ್ರಶಸ್ತಿ ಕೊಡುವವರು ಪತ್ರ ಬರೆದವರ ಒಪ್ಪಿಗೆ ಇತ್ತಾ ಅಂತ ವಿಚಾರಿಸುವುದಿಲ್ಲ ನೋಡಿ.

ಆಮೇಲೆ 1979ರಲ್ಲಿ ಹಾರ್ಡ್‌ವಿಕ್ ತಮ್ಮ ಬದುಕನ್ನೇ ನೆಚ್ಚಿ 'ಸ್ಲೀಪ್‌ಲೆಸ್ ನೈಟ್ಸ್' ಕಾದಂಬರಿ ಬರೆದರು. ಕಥೆ ಹೇಳುವವಳ ಹೆಸರೂ ಎಲಿಜಬೆತ್. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆ ಜಾಗ ಬೇಕಿತ್ತಾ? ಆದರೂ ಅದರಲ್ಲಿ ಗಂಡನ ಸುದ್ದಿ ಇಲ್ಲವೇನೋ ಅನ್ನುವಷ್ಟು ಕಡಿಮೆ.