ಬಿಪಿ ನೋಡಿದ್ರಿ, ಎಬ್ಬಿಸಿ ನಿಲ್ಲಿಸಿ ಯಾಕ ನೋಡಲಿಲ್ಲ?

ಕಲಬುರಗಿಯಲ್ಲಿ ಇವತ್ತು ಇನ್ನೊಂದು ಹಿರಿಯರ ಆರೋಗ್ಯ ಶಿಬಿರ ಮುಗೀತು. ಕೂತಲ್ಲೇ ಬಿಪಿ, ಬೆರಳು ಚುಚ್ಚಿ ಶುಗರ್, ಶಾಲು, ಫೋಟೊ. "ಈ ವರ್ಷ ಎಲ್ಲರೆ ಬಿದ್ದಿದ್ರೇನ್ರಿ?" ಅಂತ ಒಬ್ಬ ಮುತ್ಯಾನನ್ನೂ ಒಬ್ಬ ಆಯಿಯನ್ನೂ ಯಾರೂ ಕೇಳಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಬಿಪಿ ಮಷಿನ್ ಕೈಯಲ್ಲೇ ಇತ್ತಲ್ಲ! 5 ನಿಮಿಷ ಮಲಗಿಸಿ ಒಮ್ಮೆ ನೋಡಿ, ಎಬ್ಬಿಸಿ ನಿಲ್ಲಿಸಿ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ರಾತ್ರಿ ಮೂತ್ರಕ್ಕೆ ಎದ್ದಾಗ ಕಣ್ಣಿಗೆ ಕತ್ತಲೆ ಬಂದು ಬೀಳುವ ಅಪಾಯ ಇವರಿಗೇ ಹೆಚ್ಚು. ಬೀಳೋದಕ್ಕೆ ಗುಳಿಗಿಯೂ ಕಾರಣ ಇರಬಹುದು, ಅದಕ್ಕೇ ಬಿಪಿ ಗುಳಿಗಿ, ನಿದ್ದೆ ಗುಳಿಗಿ, ಪ್ರಾಸ್ಟೇಟ್ ಗುಳಿಗಿ ಎಲ್ಲವನ್ನೂ ಡಾಕ್ಟರಿಗೆ ಒಟ್ಟಿಗೆ ತೋರಿಸಬೇಕು. ತಾವಾಗಿಯೇ ಬಿಡೋದು ಬೇಡ. ಕೂತಾಗ ತೆಗೆದ ಬಿಪಿಯಲ್ಲಿ ಎದ್ದಾಗಿನ ಈ ಇಳಿತ ಕಾಣುವುದಿಲ್ಲ.

ಇನ್ನೊಂದು ಪರೀಕ್ಷೆಗೆ ಕುರ್ಚಿ ಸಾಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂಡಬೇಕು. 12 ಸೆಕೆಂಡು ಹಿಡಿದರೆ ಅಥವಾ ದಾಟಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ.

ಆಶಾ ಅಕ್ಕಂದಿರು ತುಂಬುವ ಸಿಬ್ಯಾಕ್ (CBAC) ಅನ್ನೋ ಆರೋಗ್ಯ ತಪಾಸಣೆ ಫಾರಂನಲ್ಲಿ, 60 ದಾಟಿದವರಿಗೆ ನಿಂತಾಗ ನಡೆದಾಗ ತೋಲ (ಸಮತೋಲನ) ತಪ್ಪುತ್ತದೆಯೇ ಅನ್ನೋ ಪ್ರಶ್ನೆ ಇದ್ದೇ ಇದೆ. ಹೌದು ಅಂದವರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸ್ತೀರಿ, ಒಳ್ಳೇದು. ಕಾಲಿಗೆ ಬಲ ಗುಳಿಗಿಯಿಂದ ಬರುತ್ತದೇನ್ರಿ? ಓಣಿಗೊಂದು ವ್ಯಾಯಾಮದ ಗುಂಪು ಎಲ್ಲಿ?

"ದಿನಾ ವಾಕಿಂಗ್ ಹೋಗ್ತಾರಲ್ಲ" ಅಂತಾರೆ. ಹೋಗಲಿ, ಎದೆಗೆ ಒಳ್ಳೇದು. ಆದರೆ ಬರೀ ನಡಿಗೆಯಿಂದ ಬೀಳೋದು ತಪ್ಪುತ್ತದೆ ಅನ್ನೋಕೆ ಆಧಾರ ಸಾಲದು. ತೋಲ ಹಿಡಿಯುವ ವ್ಯಾಯಾಮವೇ ಬೇಕು. ಹಿರಿಯರು ಬೀಳದಂತೆ ಮಾಡಿದ ನ್ಯೂಜಿಲೆಂಡಿನ ಒಟಾಗೊ ಅನ್ನೋ ಕ್ರಮದಲ್ಲಿ ವಾರಕ್ಕೆ 3 ದಿನ ಕಾಲಿನ ಬಲ ಮತ್ತು ತೋಲದ ವ್ಯಾಯಾಮ, ಅದರ ಜೊತೆಗೆ ನಡಿಗೆ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳೋದು, ಹಿಮ್ಮಡಿ ಎತ್ತಿ ಇಳಿಸೋದು, ಒಂದು ಪಾದದ ಮುಂದೆ ಇನ್ನೊಂದು ಇಟ್ಟು 10 ಸೆಕೆಂಡು ನಿಲ್ಲೋದು. ಪಕ್ಕದಲ್ಲಿ ಆಸರೆ ಇರಲಿ, ಆದರೆ ತಿಂಗಳುಗಟ್ಟಲೆ ಅದನ್ನೇ ಬಿಗಿಯಾಗಿ ಹಿಡಿದು ನಿಂತರೆ ಕಾಲು ಏನೂ ಕಲಿಯುವುದಿಲ್ಲ. ಎರಡು ಕೈ, ಒಂದು ಕೈ, ಒಂದು ಬೆರಳು, ಆಮೇಲೆ ಬಿಡಬೇಕು. ಗುಂಪಿನ ವ್ಯಾಯಾಮ ನಿಲ್ಲಿಸಿಬಿಟ್ಟರೆ ಬಂದ ಬಲವೂ ಹೋಗುತ್ತದೆ. ಒಂದು ದಿನದ ಶಿಬಿರ ಸಾಲದು ಅನ್ನೋದು ಇದಕ್ಕೇ.

ಮನೆಯೊಳಗೆ ಮೊದಲು ಬಚ್ಚಲು ನೋಡಿ. ನುಣುಪಾದ ಶಹಾಬಾದ್ ಫರಸಿ ಮೇಲೆ ಸಾಬೂನು ನೀರು ನಿಂತರೆ ಪಾದ ಹಿಡಿಯೋದಿಲ್ಲ. ತಿಕ್ಕಿ ತೊಳೆದು, ಜಾರದ ಮ್ಯಾಟ್ ಹಾಕಿ. ಟವೆಲ್ ರಾಡ್ ಮೈಭಾರ ತಡೆಯುವುದಿಲ್ಲ, ಕಿತ್ತು ಬರುತ್ತದೆ. ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಹೊಡೆದ ಹಿಡಿಕೆಯೇ ಬೇಕು.

ಮುಂದಿನ ಶಿಬಿರ ಮಾಡೋರು ಕುರ್ಚಿ, 3 ಮೀಟರ್ ಟೇಪ್, ಮೊಬೈಲ್ ಗಡಿಯಾರ ತನ್ನಿ. ಶಾಲಿನ ರೊಕ್ಕದಲ್ಲಿ ಫಿಸಿಯೊಥೆರಪಿಸ್ಟ್ ಒಬ್ಬರನ್ನು ಗೊತ್ತು ಮಾಡಿ. ನಮ್ಮ ಬ್ಯಾಸಗಿಯಲ್ಲಿ ಗುಂಪು ಬೆಳಿಗ್ಗೆ 6ಕ್ಕೇ ಸೇರಲಿ, ಮೈಯಲ್ಲಿ ನೀರು ಕಡಿಮೆಯಾದರೂ ಎದ್ದಾಗ ಬಿಪಿ ಇಳಿಯುತ್ತದೆ.